ಖಾಲಿ ಗಾಡಿಯ ಲೆಕ್ಕ

"ಅಲ್ನೋಡು, ಅದ್ರೊಳಗೆ ಯಾರೂ ಇಲ್ಲ. ಸುಮ್ನೆ ಯಾಕೆ ಓಡ್ತಿದೆ?" ಅಮ್ಮ ಎದುರಿನಿಂದ ಬಂದ ಗಾಡಿಯ ಕಡೆ ಕೈ ತೋರಿಸಿದಳು.

ಲಂಡನ್ನಿನ ಹೀಥ್ರೂ ವಿಮಾನ ನಿಲ್ದಾಣ. ಊರಿಗೆ ಹೊರಟಿದ್ದ ಅಮ್ಮನನ್ನು ಬಿಡಲು ಹೋಗಿದ್ದೆ. ಕಾರನ್ನು ಪಾರ್ಕಿಂಗ್‌ನಲ್ಲಿ ನಿಲ್ಲಿಸಿ, ಐದನೇ ಟರ್ಮಿನಲ್‌ಗೆ ಪಾಡ್ ಹತ್ತಿದ್ದೆವು. ಡ್ರೈವರ್ ಇಲ್ಲದ, ಬ್ಯಾಟರಿಯಲ್ಲಿ ಓಡುವ ನಾಲ್ಕು ಸೀಟಿನ ಪುಟ್ಟ ಗಾಡಿ. 2011ರಲ್ಲಿ ಶುರುವಾದ ವ್ಯವಸ್ಥೆ. ಒಟ್ಟು 21 ಗಾಡಿ, ಮೂರು ನಿಲ್ದಾಣ, ಸುಮಾರು 4 ಕಿ.ಮೀ. ದಾರಿ. ಎಲ್ಲಿಗೆಂದು ಒತ್ತಿದರೆ ನೇರ ಅಲ್ಲಿಗೇ, ನಡುವೆ ಎಲ್ಲೂ ನಿಲ್ಲುವುದಿಲ್ಲ.

ಅಮ್ಮನ ಪ್ರಶ್ನೆ ಕೇಳಿ ತುಂಬ ಖುಷಿಯಾಯಿತು. ಆ ಖಾಲಿ ಗಾಡಿಗಾಗಿಯೇ ನಾನು ಎಷ್ಟೋ ರಾತ್ರಿ ನಿದ್ದೆ ಬಿಟ್ಟಿದ್ದೆ. ಇದೇ ಜಾಲದ ಸಣ್ಣ ಸಿಮ್ಯುಲೇಶನ್ ಒಂದನ್ನು, ಅಂದರೆ ಗಾಡಿಗಳ ಓಡಾಟವನ್ನು ಕಂಪ್ಯೂಟರಿನಲ್ಲೇ ಅನುಕರಿಸಿ ನೋಡುವ ಪ್ರೋಗ್ರಾಂ, ಬರೆಯುತ್ತಿದ್ದೆ. ಜನರನ್ನು ಒಯ್ಯುವುದು ಕಷ್ಟವಾಗಲಿಲ್ಲ. ದಾರಿ ಪೂರ್ತಿ ಸಿಗುತ್ತದೆ ಎಂದು ಖಾತ್ರಿಯಾದ ಮೇಲೆಯೇ ಗಾಡಿ ಬಿಟ್ಟರೆ ಆಯಿತು. ಕಷ್ಟ ಶುರುವಾಗುವುದು ಜನ ಇಳಿದ ಮೇಲೆ. ಬೆಳಿಗ್ಗೆ ಎಲ್ಲರೂ ಟರ್ಮಿನಲ್ ಕಡೆಗೇ ಹೋದರೆ ಗಾಡಿಗಳೂ ಅಲ್ಲೇ ಉಳಿಯುತ್ತವೆ, ಇತ್ತ ಪಾರ್ಕಿಂಗ್‌ನಲ್ಲಿ ಜನ ಕಾಯುತ್ತಾರೆ. ಕರೆದ ಮೇಲೆ ಕಳಿಸಿದರೆ ತಡ. ಮೊದಲೇ ಜಾಸ್ತಿ ಕಳಿಸಿದರೆ ನಿಲ್ದಾಣದ ಜಾಗವೆಲ್ಲ ತುಂಬಿ, ಜನ ಕೂತಿರುವ ಗಾಡಿಗೇ ಒಳಗೆ ಬರಲು ಆಗುವುದಿಲ್ಲ.

"ವಾಪಸ್ ಖಾಲಿ ಬರ್ಬೇಕು ಅಂತ ಆಟೋದವ್ರು ಜಾಸ್ತಿ ಕೇಳ್ತಾರಲ್ವಾ, ಅದೇ ಕಥೆ ಅಮ್ಮಾ. ಇಲ್ಲಿ ಎಲ್ಲಿ ಜನ ಬರ್ತಾರೆ ಅಂತ ಕಂಪ್ಯೂಟರೇ ಮುಂಚೆ ಅಂದಾಜು ಮಾಡಿ ಕಳಿಸ್ಬೇಕು."

"ಹಾಗಾದ್ರೆ ಅದು ಯಾರನ್ನೋ ಕರ್ಕೊಂಡು ಬರೋಕೆ ಹೋಗ್ತಿದೆ ಅನ್ನು" ಎಂದಳು.

ಐದು ನಿಮಿಷಕ್ಕೆಲ್ಲ ಟರ್ಮಿನಲ್ ಬಂತು. ಅಮ್ಮನಿಗೆ ಮಂಡಿನೋವು. ಎರಡು ದೊಡ್ಡ ಸೂಟ್‌ಕೇಸ್ ಇಳಿಸಿ, ಕೈ ಹಿಡಿದು ಅವಳನ್ನು ನಿಧಾನ ಇಳಿಸಿದೆ. ಗಾಡಿ ಬಾಗಿಲು ತೆರೆದುಕೊಂಡೇ ಇತ್ತು. ಆಗ ಹೊಳೆಯಿತು. ನನ್ನ ಸಿಮ್ಯುಲೇಶನ್‌ನಲ್ಲಿ ಎಲ್ಲರೂ 20 ಸೆಕೆಂಡಿನಲ್ಲಿ ಇಳಿದುಬಿಡುತ್ತಿದ್ದರು. ಅಲ್ಲಿ ಯಾರಿಗೂ ವಯಸ್ಸಾಗಿರಲಿಲ್ಲ, ಯಾರ ಕೈಯಲ್ಲೂ ಮಗು ಇರಲಿಲ್ಲ. ಅದು ತಪ್ಪು. ಇಂಥ ಗಾಡಿ ಹೆಚ್ಚು ಬೇಕಾಗಿರುವುದೇ ಅವರಿಗೆ.

ಅಮ್ಮನನ್ನು ಬೀಳ್ಕೊಟ್ಟು ಮನೆಗೆ ಬಂದವನೇ ಇಳಿಯುವ ಸಮಯವನ್ನು ಬದಲಿಸಿದೆ. ಕೆಲವರಿಗೆ 20 ಸೆಕೆಂಡು, ಕೆಲವರಿಗೆ ಒಂದೂವರೆ ನಿಮಿಷ. ಅದೇ 21 ಗಾಡಿ. ಸಿಮ್ಯುಲೇಶನ್‌ನಲ್ಲಿ ಮೊದಲು ಕರಗಿದ್ದ ಜನರ ಸಾಲು ಪಾರ್ಕಿಂಗ್‌ನಲ್ಲಿ ಮತ್ತೆ ಬೆಳೆಯಿತು. ಖಾಲಿ ಗಾಡಿಗಳನ್ನು ಯಾವಾಗ ಹೊರಡಿಸಬೇಕು ಎಂಬ ಲೆಕ್ಕಕ್ಕೆ ಮೊದಲಿನಿಂದ ಕೂತೆ.