ಮಳೆಗಾಲದ ಮಲೆನಾಡಿಗೆ ಕ್ಯಾಮೆರಾ ಹಿಡಿದು ಹೊರಡುವವರಿಗೆ

ಶಿವಮೊಗ್ಗದಿಂದ ಸಕ್ರೆಬೈಲು, ಮಂಡಗದ್ದೆ, ತೀರ್ಥಹಳ್ಳಿ ದಾಟಿ ಆಗುಂಬೆ: ಇಷ್ಟಕ್ಕೇ ಎರಡು ದಿನ ಬೇಕು. ಜೋಗಕ್ಕೆ ಮೂರನೇ ದಿನ ಇಟ್ಟುಕೊಳ್ಳಿ. ಎಲ್ಲವನ್ನೂ ಒಂದೇ ದಿನಕ್ಕೆ ತುರುಕಿದರೆ ಚಿತ್ರ ಸಿಗುತ್ತದೆ, ವರ್ಷದ ನಂತರ ಅದು ಯಾವ ತಿರುವಿನದು ಎಂದು ಹೇಳಲು ಬರುವುದಿಲ್ಲ.

ಸಕ್ರೆಬೈಲಿನ ಆನೆ ಬಿಡಾರ ಶಿವಮೊಗ್ಗದಿಂದ ಸುಮಾರು 14 ಕಿ.ಮೀ. ಗಾಜನೂರು ಹಿನ್ನೀರಿನಲ್ಲಿ ಆನೆಗಳ ಸ್ನಾನ ಬೆಳಿಗ್ಗೆಯೇ ಮುಗಿಯುವುದರಿಂದ ಎಂಟೂವರೆಯೊಳಗೆ ಅಲ್ಲಿರಿ. ಕಪ್ಪು ಮೈ ಕಂಡ ಕ್ಯಾಮೆರಾದ ಬೆಳಕಿನ ಮೀಟರ್ ಚಿತ್ರವನ್ನು ಬೇಕಾದ್ದಕ್ಕಿಂತ ಬೆಳಗಿಸುತ್ತದೆ, ನೀರಿನ ಹೊಳಪು ಸುಟ್ಟುಹೋಗುತ್ತದೆ; ಎಕ್ಸ್‌ಪೋಶರ್ ಮುಕ್ಕಾಲು ಸ್ಟಾಪ್ ಇಳಿಸಿ (ಒಂದು ಸ್ಟಾಪ್ ಇಳಿಸಿದರೆ ಬೆಳಕು ಅರ್ಧ, ಏರಿಸಿದರೆ ಇಮ್ಮಡಿ). ಪ್ರತಿ ಆನೆಗೂ ಹೆಸರಿದೆ. ಮಾವುತರನ್ನು, ಕಾವಾಡಿಗಳನ್ನು ಕೇಳಿ ಅಲ್ಲೇ ಫೋನಿನಲ್ಲಿ ಧ್ವನಿ ಮುದ್ರಿಸಿಕೊಳ್ಳಿ. ಹೆಸರಿಲ್ಲದ ಚಿತ್ರ ಬರೀ 'ಒಂದು ಆನೆ'. ಈ ಮುದ್ರಿಕೆ ಆಮೇಲೆ ಚಿತ್ರಕ್ಕೆ ಹೊಂದಬೇಕಾದರೆ ಹೊರಡುವ ಮುನ್ನವೇ ಕ್ಯಾಮೆರಾದ ಗಡಿಯಾರ ಫೋನಿನ ಸಮಯಕ್ಕೆ ಸರಿಯಾಗಿರಬೇಕು.

ಮಂಡಗದ್ದೆಯಲ್ಲಿ ಬೆಳ್ಳಕ್ಕಿ, ನೀರುಕಾಗೆಗಳು ತುಂಗೆಯ ನಡುಗಡ್ಡೆಯ ಮರಗಳಲ್ಲಿ ಗೂಡು ಕಟ್ಟುತ್ತವೆ. 400 ಮಿ.ಮೀ. ಲೆನ್ಸ್ ಇಲ್ಲದಿದ್ದರೆ ಹಕ್ಕಿ ಬಿಟ್ಟು ಹೊಳೆಯನ್ನೇ ತೆಗೆಯಿರಿ. ಹಾರುವ ಹಕ್ಕಿಗೆ ಶಟರ್ 1/1000 ಸೆಕೆಂಡಿಗಿಂತ ನಿಧಾನ ಬೇಡ.

ಆಗುಂಬೆಯ ಸೂರ್ಯಾಸ್ತ ಮಳೆಗಾಲದ ಮಾತಲ್ಲ; ಅದಕ್ಕೆ ನವೆಂಬರ್ ನಂತರ ಬನ್ನಿ. ಈಗ ಇರುವುದು ಮಂಜು. ಬಿಳಿಯನ್ನು ಮೀಟರ್ ಬೂದಿ ಮಾಡುತ್ತದೆ, ಒಂದು ಸ್ಟಾಪ್ ಏರಿಸಿ. ಒದ್ದೆ ಎಲೆಗಳ ಹೊಳಪು ಕಳೆಯಲು ಲೆನ್ಸಿನ ಮುಂದೆ ಪೋಲರೈಸರ್ ಫಿಲ್ಟರ್ ಬೇಕು, ಆದರೆ ಅದು ಒಂದೂವರೆ ಸ್ಟಾಪಿನಷ್ಟು ಬೆಳಕು ನುಂಗುತ್ತದೆ. ಕೈ ಅಲುಗದಂತೆ ಟ್ರೈಪಾಡ್ ಇಟ್ಟುಕೊಳ್ಳಿ.

ಇಲ್ಲಿ ಹೆಚ್ಚಿನವರು ಸೋಲುವುದು ಲೆನ್ಸಿನ ಆವಿಗೆ. ಎಸಿ ಕಾರಿನಲ್ಲಿ ತಣ್ಣಗಾದ ಗಾಜಿಗೆ ಹೊರಗಿನ ತೇವದ ಗಾಳಿ ತಗುಲಿದ ಕೂಡಲೇ ಮುಸುಕು ಹಿಡಿಯುತ್ತದೆ. ಒರೆಸಿದಷ್ಟೂ ಮತ್ತೆ ಬರುತ್ತದೆ. ಅರ್ಧ ಗಂಟೆ ಮೊದಲೇ ಎಸಿ ಆರಿಸಿ, ಕಿಟಕಿ ಇಳಿಸಿ, ಬ್ಯಾಗಿನ ಜಿಪ್ ಮುಚ್ಚಿಯೇ ಇರಲಿ. ಆವಿ ಇರುವಾಗ ಲೆನ್ಸ್ ಬದಲಿಸಿದರೆ ತೇವ ಒಳಗೂ ಸೇರುತ್ತದೆ. ಹನಿ ಒರೆಸಲು ಹಳೆಯ ಹತ್ತಿಬಟ್ಟೆ ನಾಲ್ಕು ತುಂಡು ಇರಲಿ. ಟಿಶ್ಯೂ ನಾರು ಬಿಡುತ್ತದೆ. ಇಂಬಳಕ್ಕೆ (ಕಾಡಿನ ಜಿಗಣೆ) ಉಪ್ಪಿನ ಗಂಟು ಸಾಕು. ಮಂಡಿಯೂರಿ ಚಿತ್ರ ತೆಗೆಯುವವರ ಪ್ಯಾಂಟು ಕಾಲುಚೀಲದೊಳಗಿರಲಿ.

ಜೋಗದ ಎತ್ತರ 253 ಮೀಟರ್. ಲಿಂಗನಮಕ್ಕಿ ಅಣೆಕಟ್ಟು ಮೇಲಿರುವುದರಿಂದ ಮಳೆ ಸುರಿದ ಮಾತ್ರಕ್ಕೆ ಶರಾವತಿ ತುಂಬಿ ಧುಮುಕುತ್ತಾಳೆ ಎಂದೇನಿಲ್ಲ. ತುಂಬಿದ ರಾಜ, ರಾಣಿ, ರೋರರ್, ರಾಕೆಟ್ ಎಂಬ ನಾಲ್ಕು ಕವಲುಗಳಿಗೆ ನಿಧಾನ ಶಟರ್ ಹಾಕಿ ಹಾಲು ಮಾಡುವುದು ನಮಗಂತೂ ಹಿಡಿಸದು. ನೀರಿನ ರಭಸ 1/250ರಲ್ಲೇ ಕಾಣುವುದು. ನೀರು ಎಳೆಯಾಗಿರುವಾಗ ಅರ್ಧ ಸೆಕೆಂಡ್ ಚೆನ್ನ. ಮಂಜು ಮುಚ್ಚಿದರೆ ಗೊಣಗಿ ಹೊರಡಬೇಡಿ, ಕೂತು ಕಾಯಿರಿ. ಕಾಮನಬಿಲ್ಲು ಬೇಕೆಂದರೆ ಸೂರ್ಯ ಬೆನ್ನಿಗಿರಬೇಕು; ಬಿಲ್ಲು ಕಣ್ಣಿನ ಮಟ್ಟಕ್ಕಿಂತ ಮೇಲೆ ಕಾಣಬೇಕಾದರೆ ಸೂರ್ಯ 42 ಡಿಗ್ರಿಗಿಂತ ಕೆಳಗಿರಬೇಕು. ನಡುಹಗಲು ಸೂರ್ಯ ಮೇಲಿರುವುದರಿಂದ ಬಿಲ್ಲು ಕಾಣಬೇಕಾದರೆ ಕೆಳಗೆ ಕಣಿವೆಗೆ ಇಣುಕಬೇಕು.

ರಾತ್ರಿ ಊಟಕ್ಕೆ ಮುಂಚೆಯೇ ಹತ್ತು ಚಿತ್ರ ಆರಿಸಿ ಎರಡೆರಡು ಸಾಲು ಬರೆಯಿರಿ: ಯಾರಿದ್ದರು, ಏನು ಕೇಳಿಸುತ್ತಿತ್ತು, ಮಳೆ ನಿಂತಿತ್ತೇ. ಮನೆಗೆ ಬಂದ ಮೇಲೆ ಕ್ಯಾಮೆರಾವನ್ನು ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಡಿ. ಜೆಲ್ಲಿನ ಬಣ್ಣ ಬದಲಾದರೆ ಅಡುಗೆಗೆ ಬಳಸದ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಹುರಿದರೆ ಮತ್ತೆ ಬಳಕೆಗೆ ಬರುತ್ತದೆ. ಕುತ್ತಿಗೆಪಟ್ಟಿಯನ್ನು ಬೇರೆ ಒಣಗಿಸಿ, ಬೂಷ್ಟು ಮೊದಲು ಹಿಡಿಯುವುದು ಅದಕ್ಕೇ.