ಬೆಲುಂ ಗುಹೆಗೆ ಒಂದು ಗಂಟೆ ಸಾಲದು

ಮಂಗಳೂರಿನ ಪ್ರವಾಸ ಸಂಸ್ಥೆಯೊಂದರ ಮೂಲಕ ಆಂಧ್ರದ ಗಂಡಿಕೋಟ, ಬೆಲುಂ, ತಾಡಿಪತ್ರಿಗಳಿಗೆ ಹೊರಟಾಗ ನಮ್ಮ ಕೈಗೆ ಕೊಟ್ಟ ಪಟ್ಟಿಯಲ್ಲಿ ‘ಬೆಲುಂ ಗುಹೆ, ಗೈಡ್ ಸಹಿತ ಪೂರ್ಣ ವೀಕ್ಷಣೆ’ ಎಂದು ಅಚ್ಚಾಗಿತ್ತು. ನಡೆದದ್ದೇ ಬೇರೆ. ಭಾನುವಾರ ಮಧ್ಯಾಹ್ನ, ಜನಸಂದಣಿ ಮಿತಿಮೀರಿದ್ದ ಹೊತ್ತಿನಲ್ಲಿ ವ್ಯಾನು ಅಲ್ಲಿಗೆ ತಲುಪಿತು. ಒಂದು ಗಂಟೆಯೊಳಗೆ ಮರಳಬೇಕೆಂದು ಸಂಸ್ಥೆಯ ಮೇಲ್ವಿಚಾರಕರು ತಾಕೀತು ಮಾಡಿದರು. ಗುಹೆಯ ಅತ್ಯಂತ ಆಳದ ಜಾಗವಾದ ಪಾತಾಳಗಂಗೆಯಲ್ಲಿ ನೋಡುವಂಥದ್ದೇನೂ ಇಲ್ಲವೆಂದು ಹೇಳಿ ಅರ್ಧದಿಂದಲೇ ಹಿಂದಿರುಗಿಸಿದರು. ಶಿರಾಡಿ ಘಾಟಿ ಹತ್ತಿದ ಮೇಲೆ ವ್ಯಾನಿನ ಎ.ಸಿ. ಬಂದ್ ಮಾಡಿದ್ದನ್ನು ಸಹಿಸಿಕೊಂಡಿದ್ದೆವು. ಅಷ್ಟು ದೂರ ಕರೆದೊಯ್ದು, ಹಣ ಪಡೆದು, ಮುಖ್ಯವಾದುದನ್ನೇ ತೋರಿಸದಿರುವುದು ಮಾತ್ರ ಮೋಸವೆಂದೇ ಹೇಳಬೇಕು. ನಾವು ಮನೆಯವರು ತಂಡದಿಂದ ಬೇರ್ಪಟ್ಟು ತಾಡಿಪತ್ರಿಯಲ್ಲಿ ಉಳಿದು, ಮರುದಿನ ಬೆಳಿಗ್ಗೆ ಸುಮಾರು 30 ಕಿ.ಮೀ. ದೂರದ ಗುಹೆಗೆ ಮತ್ತೆ ಹೋದೆವು.

ಗುಹೆಯೊಳಗೆ ತಂಪಾಗಿರುತ್ತದೆಂದು ನಂಬಿ ಹೋಗಬೇಡಿ. ಬಾವಿಯಂತಹ ಕುಳಿಯೊಂದಕ್ಕೆ ಮೆಟ್ಟಿಲಿಳಿದು ಒಳಹೊಕ್ಕು ಸ್ವಲ್ಪ ದೂರ ನಡೆಯುವಷ್ಟರಲ್ಲಿ ಮೈ ಬೆವರಿ ಅಂಗಿ ಅಂಟಿಕೊಳ್ಳುತ್ತದೆ. ಮೇ ತಿಂಗಳ ಮಂಗಳೂರಿನ ಸೆಖೆಗೆ ಒಗ್ಗಿದ ನಮಗೂ ಅದು ಕಷ್ಟವಾಯಿತು. ಹೊರಗಿನ ಗಾಳಿಯನ್ನು ಕೊಳವೆಗಳ ಮೂಲಕ ಒಳಕ್ಕೆ ಊದುವ ವ್ಯವಸ್ಥೆ ಅಲ್ಲಲ್ಲಿ ಇದೆ. ಭಾನುವಾರ ಪ್ರತಿಯೊಂದು ಕೊಳವೆಯ ಬಾಯಿಯ ಕೆಳಗೂ ಜನ ಗುಂಪುಗೂಡಿ ನಿಂತಿದ್ದುದರಿಂದ, ಉಬ್ಬಸದ ತೊಂದರೆಯಿರುವ ನಮ್ಮ ಅತ್ತೆಯವರಿಗೆ ಉಸಿರಾಡಲು ಜಾಗವೇ ಸಿಗಲಿಲ್ಲ. ಸೋಮವಾರ ಬಾಗಿಲು ತೆರೆದ ಕೂಡಲೇ ಹೋದಾಗ ಅವರೇ ಕೊಳವೆಯಡಿ ನೆಮ್ಮದಿಯಿಂದ ಕುಳಿತು ದಣಿವಾರಿಸಿಕೊಂಡು ಮುಂದೆ ನಡೆದರು. ವಾರದ ದಿನ, ಬೆಳಗಿನ ಮೊದಲ ಗುಂಪು, ತೆಳ್ಳನೆಯ ಹತ್ತಿ ಬಟ್ಟೆ, ಜಾರದ ಚಪ್ಪಲಿ, ಕುಡಿಯಲು ನೀರು ಇವಿಷ್ಟನ್ನು ನೋಡಿಕೊಂಡರೆ ಹಿರಿಯರನ್ನೂ ಕರೆದೊಯ್ಯಬಹುದು.

ಬೆಳಗಿನ ಗೈಡ್ ತೆಲುಗು ಬೆರೆತ ಹಿಂದಿಯಲ್ಲಿ ನಿಧಾನವಾಗಿ ವಿವರಿಸಿದರು. ಕರಾವಳಿಯ ಅಡುಗೆಮನೆಯ ಕಟ್ಟೆಗಳಿಗೆ ಹಾಕುವ ಕಡಪ ಕಲ್ಲು ಈ ಸೀಮೆಯ ಕಪ್ಪು ಸುಣ್ಣಕಲ್ಲೇ ಆಗಿದ್ದು, ಗುಹೆಯೂ ಅಂಥದೇ ಕಲ್ಲಿನಲ್ಲಿ ಆಗಿದೆ. ಮಳೆನೀರು ಗಾಳಿಯಿಂದಲೂ ಮಣ್ಣಿನಿಂದಲೂ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ಸೌಮ್ಯವಾದ ಆಮ್ಲವಾಗಿ, ಬಿರುಕುಗಳಲ್ಲಿ ಇಳಿದು, ಸಾವಿರಾರು ವರ್ಷಗಳ ಕಾಲ ಕಲ್ಲನ್ನು ಕರಗಿಸುತ್ತಾ ಈ ದಾರಿಗಳನ್ನು ಕೊರೆದಿದೆ. ಬ್ರಿಟಿಷ್ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ 1884ರಲ್ಲಿ ಇದನ್ನು ದಾಖಲಿಸಿದರು. 1982 ಮತ್ತು 1983ರಲ್ಲಿ ಜರ್ಮನ್ ತಂಡವೊಂದು ವಿವರವಾಗಿ ಸಮೀಕ್ಷೆ ನಡೆಸಿತು. 2002ರಲ್ಲಿ ಸಾರ್ವಜನಿಕರಿಗೆ ತೆರೆಯಲಾಯಿತು. ಒಟ್ಟು ಉದ್ದ 3,229 ಮೀಟರ್ ಇದ್ದು, ಪ್ರವಾಸಿಗರಿಗೆ ತೆರೆದಿರುವುದು ಸುಮಾರು ಒಂದೂವರೆ ಕಿಲೋಮೀಟರ್ ಮಾತ್ರ.

ನೆಲಮಟ್ಟದಿಂದ ಸುಮಾರು 46 ಮೀಟರ್ ಆಳದಲ್ಲಿರುವ ಪಾತಾಳಗಂಗೆಗೆ ಇಳಿದಾಗ ಈ ಮಾತೆಲ್ಲ ಕಣ್ಣೆದುರಿಗೆ ಬಂತು. ಅಲ್ಲಿರುವುದು ಸಣ್ಣ ಹರಿವು. ಗೈಡ್ ಟಾರ್ಚ್ ಹಿಡಿದು ತೋರಿಸಿದಾಗ, ಕಪ್ಪು ಕಲ್ಲಿನ ಸಂದಿನಿಂದ ಬಂದ ನೀರು ಸದ್ದಿಲ್ಲದೆ ಹರಿದು ಮತ್ತೆ ಕಲ್ಲಿನಡಿಗೇ ಸೇರಿಹೋಗುವುದು ಕಂಡಿತು. ಮೇಲಿನ ವಿಶಾಲ ಸಭಾಂಗಣಗಳನ್ನೂ ಗೋಡೆಗಳ ನುಣುಪಾದ ಬಳುಕುಗಳನ್ನೂ ಮಾಡಿದ್ದು ಇಂಥ ನೀರೇ ಎಂಬುದು ಅಲ್ಲಿ ನಿಂತವರಿಗಷ್ಟೇ ಮನವರಿಕೆಯಾಗುತ್ತದೆ. ಮೊಣಕಾಲು ನೋವಿಲ್ಲದವರು ಯಾರ ಮಾತಿಗೂ ಒಪ್ಪಿ ಈ ಜಾಗವನ್ನು ಬಿಡಬಾರದು.

ಬೆಲುಂನೊಳಗಿನ ‘ಸಪ್ತಸ್ವರಗಳ ಗುಹೆ’ ಎಂಬ ಭಾಗದಲ್ಲಿ ಛಾವಣಿಯಿಂದ ಇಳಿಬಿದ್ದ ಸುಣ್ಣದ ರಚನೆಗಳನ್ನು ತಟ್ಟಿದರೆ ನಾದ ಹೊರಡುತ್ತದೆ. ಭಾನುವಾರ ಮಕ್ಕಳೂ ದೊಡ್ಡವರೂ ಸರದಿಯಲ್ಲಿ ಅವುಗಳನ್ನು ಬಡಿಯುತ್ತಿದ್ದುದನ್ನು ಕಂಡು ತುಂಬಾ ಬೇಸರವಾಯಿತು. ಮುರಿದರೆ ಅದು ನಮ್ಮ ಮೊಮ್ಮಕ್ಕಳ ಕಾಲಕ್ಕೂ ಮರಳಿ ಬೆಳೆಯುವಂಥದ್ದಲ್ಲ. ಕೈಯ ಜಿಡ್ಡು ಮೆತ್ತಿದರೂ ಬಣ್ಣ ಕೆಡುತ್ತದೆ. ದಯವಿಟ್ಟು ಮುಟ್ಟಬೇಡಿ, ತಟ್ಟಿ ತೋರಿಸಿ ಎಂದು ಗೈಡನ್ನೂ ಒತ್ತಾಯಿಸಬೇಡಿ. ಹೆಡೆಗಳಂತೆ ಛಾವಣಿ ತುಂಬ ಹರಡಿರುವ ‘ವೇಯಿ ಪಡಗಲು’ ಭಾಗವನ್ನು ದೂರದಿಂದ ಕತ್ತೆತ್ತಿ ನೋಡಿದರೇ ಸಾಕಷ್ಟು ಸಂತೋಷವಾಗುತ್ತದೆ.

ತಾಡಿಪತ್ರಿಯಲ್ಲಿ ನಮಗೆ ಸಿಕ್ಕ ಕೋಣೆ ಬಾಡಿಗೆಗೆ ತಕ್ಕಂತಿರಲಿಲ್ಲ. ಆದರೆ ಬಸ್ ನಿಲ್ದಾಣದ ಹತ್ತಿರ ದಂಪತಿಗಳು ನಡೆಸುವ, ಹೆಸರಿನ ಫಲಕವೂ ಇಲ್ಲದ ಪುಟ್ಟ ಹೋಟೆಲಿನಲ್ಲಿ ತಿಂದ ಉಗ್ಗಾಣಿ ಮತ್ತು ಮೆಣಸಿನಕಾಯಿ ಬಜ್ಜಿಯ ರುಚಿ ಇನ್ನೂ ನೆನಪಿದೆ. ಆ ಅಮ್ಮ ಮಂಡಕ್ಕಿಯನ್ನು ನೀರಿನಲ್ಲಿ ಅದ್ದಿ, ಎರಡೂ ಅಂಗೈಗಳ ನಡುವೆ ಹಿಂಡಿ, ಈರುಳ್ಳಿ, ಹಸಿಮೆಣಸು, ಅರಿಸಿನದ ಒಗ್ಗರಣೆಗೆ ಹಾಕಿ, ಇಳಿಸುವ ಹೊತ್ತಿಗೆ ಹುರಿಗಡಲೆ ಪುಡಿ ಉದುರಿಸಿ ನಿಂಬೆಹಣ್ಣು ಹಿಂಡುತ್ತಿದ್ದರು; ಮಂಡಕ್ಕಿ ಮುದ್ದೆಯಾಗದೆ ಬಿಡಿಬಿಡಿಯಾಗಿಯೇ ಇತ್ತು. ಖಾರ ಹೆಚ್ಚಾಗಬಹುದೆಂದು ನಾವು ಅನುಮಾನಿಸಿದಾಗ, ಅತ್ತೆಯವರಿಗೆಂದೇ ಬೇರೆ ಬಾಣಲೆಯಲ್ಲಿ ಹಸಿಮೆಣಸು ಕಡಿಮೆ ಹಾಕಿ ಮಾಡಿಕೊಟ್ಟರು, ಅದಕ್ಕೆ ಹೆಚ್ಚಿನ ಹಣವನ್ನೂ ಕೇಳಲಿಲ್ಲ. ಪ್ಯಾಕೇಜಿನ ಊಟಕ್ಕೆಂದು ನಿಲ್ಲಿಸಿದ್ದ ಹೆದ್ದಾರಿಯ ದೊಡ್ಡ ಹೋಟೆಲಿಗಿಂತ ಇಲ್ಲಿಯೇ ಹೊಟ್ಟೆಯೂ ಮನಸ್ಸೂ ತುಂಬಿತು. ಬೆಳಿಗ್ಗೆ ಇದನ್ನು ತಿಂದು ಹೊರಟರೆ ಗುಹೆಯಿಂದ ಮೇಲೆ ಬರುವವರೆಗೆ ಹಸಿವಾಗುವುದಿಲ್ಲ.

ಪ್ಯಾಕೇಜಿನಲ್ಲೇ ಹೋಗುವವರು ಮುಂಗಡ ಕೊಡುವ ಮೊದಲು, ಗುಹೆಗೆ ಯಾವ ದಿನ, ಎಷ್ಟು ಹೊತ್ತಿಗೆ ತಲುಪುತ್ತಾರೆ, ಒಳಗೆ ಎಷ್ಟು ಸಮಯ ಕೊಡುತ್ತಾರೆ, ಪಾತಾಳಗಂಗೆಯೂ ಸೇರಿದೆಯೇ ಎಂಬುದನ್ನು ಬರಹದಲ್ಲೇ ಪಡೆಯಿರಿ. ಮೂರು ಗಂಟೆಗಿಂತ ಕಡಿಮೆ ಸಮಯ ಕೊಡುವವರಾದರೆ, ರಾತ್ರಿ ರೈಲಿನಲ್ಲಿ ಬೆಂಗಳೂರು ಸೇರಿ, ಅನಂತಪುರದ ದಾರಿಯಾಗಿ ನೀವೇ ತಾಡಿಪತ್ರಿಗೆ ಹೋಗುವುದು ಒಳ್ಳೆಯದು.