ಡುಲೂತ್‌ಗೆ ಬೈಕಿನಲ್ಲಿ ಹೊರಟಿದ್ದೀರಾ? ಜೀನ್ಸ್ ನಂಬಬೇಡಿ

ಅಮೆರಿಕದ ಮಿನ್ನೆಸೋಟ ರಾಜ್ಯದಲ್ಲಿ ಮಿನಿಯಾಪೊಲಿಸ್‌ನಿಂದ ಡುಲೂತ್‌ಗೆ ಸುಮಾರು 250 ಕಿ.ಮೀ. ಐ-35 ಹೆದ್ದಾರಿಯಲ್ಲೇ ಹೋದರೆ ಎರಡೂವರೆ ಗಂಟೆ, ಆದರೆ ತೂಕಡಿಕೆ ಬರುವಷ್ಟು ನೇರ. ನಾನು ಆಸ್ಕೋವ್ ಬಳಿ ಅದನ್ನು ಬಿಟ್ಟು ರಾಜ್ಯ ಹೆದ್ದಾರಿ 23ಕ್ಕೆ ತಿರುಗಿದೆ. ಕಾಡಿನ ನಡುವೆ ಸಾಗುವ ಈ ರಸ್ತೆ ತುಸು ದೂರ ಪಕ್ಕದ ವಿಸ್ಕಾನ್ಸಿನ್‌ಗೂ ಇಣುಕಿ ಬರುತ್ತದೆ. ಮುಸ್ಸಂಜೆ ಹೊತ್ತಿಗೆ ಮಾತ್ರ ಬೇಡ, ಜಿಂಕೆಗಳ ಕಾಟ.

ಜೂನ್ ತಿಂಗಳು, ಹೊರಟಾಗ ಬೆವರು ಕಿತ್ತುಬರುತ್ತಿತ್ತು. ಡುಲೂತ್ ಅಂಚಿನ ಸುಪೀರಿಯರ್ ಸರೋವರ ಕಂಡದ್ದೇ ತಡ, ಫ್ರಿಜ್ಜಿನ ಬಾಗಿಲು ತೆಗೆದ ಹಾಗಾಯಿತು. ಜೊತೆಗೆ ಮಳೆ ಬೇರೆ. ಜೀನ್ಸ್ ತೊಯ್ದು ತೊಡೆಗೆ ಅಂಟಿತು, ಬೆರಳು ಸೆಟೆದು ಕ್ಲಚ್ ಒತ್ತಲಾಗದು. ಹೊರಟಿದ್ದು ರೈಡಿಂಗ್ ಸೂಟ್, ಅಂದರೆ ಬೈಕ್ ಸವಾರರ ರಕ್ಷಣಾ ಉಡುಪು, ನೋಡಲು ಅಂತ ಹೇಳಿಕೊಳ್ಳಲೂ ನಾಚಿಕೆ!

ಆ್ಯಂಡಿ ಗೋಲ್ಡ್‌ಫೈನ್ ಇದೇ ಡುಲೂತ್‌ನಲ್ಲಿ 1983ರಲ್ಲಿ ಏರೋಸ್ಟಿಚ್ ಎಂಬ ರೈಡಿಂಗ್ ಸೂಟ್ ಕಂಪನಿ ಶುರುಮಾಡಿದರು. ಆಗ ಬೈಕಿನವರಿಗೆ ರಕ್ಷಣೆ ಎಂದರೆ ಚರ್ಮದ ಜಾಕೆಟ್, ಮಳೆ ಬಂದರೆ ಅದರ ಮೇಲೊಂದು ರೇನ್‌ಕೋಟ್. ಅವರ ರೋಡ್‌ಕ್ರಾಫ್ಟರ್ ಸೂಟ್ ಆ ಎರಡೂ ಕೆಲಸ ಮಾಡಿತು. ರಸ್ತೆಗೆ ಉಜ್ಜಿದರೂ ಸುಲಭಕ್ಕೆ ಹರಿಯದ ಕಾರ್ಡುರಾ ನೈಲಾನ್, ನೀರು ತಡೆದು ಬೆವರಿನ ಆವಿ ಹೊರಬಿಡುವ ಗೋರ್‌ಟೆಕ್ಸ್, ಭುಜ ಮೊಣಕೈ ಮಂಡಿಗಳಿಗೆ ಪ್ಯಾಡ್. ನನಗೆ ಹೆಚ್ಚು ಹಿಡಿಸಿದ್ದು ಕುತ್ತಿಗೆಯಿಂದ ಕಾಲಿನ ತುದಿವರೆಗೆ ಇಳಿಯುವ ಜಿಪ್. ಬೂಟು ಬಿಚ್ಚಬೇಕಿಲ್ಲ, ಆಫೀಸ್ ಬಟ್ಟೆಯ ಮೇಲೇ ಹಾಕಿ ಎಳೆದರಾಯಿತು. ಸಾವಿರಾರು ಮೈಲಿ ಓಡಿಸುವವರು ಇದನ್ನು ಮೆಚ್ಚಿಕೊಂಡರು, ಸರಿ. ಆದರೆ ಗೋಲ್ಡ್‌ಫೈನ್ ತಲೆಯಲ್ಲಿದ್ದದ್ದು ದಿನಾ ಬೈಕಿನಲ್ಲಿ ಕೆಲಸಕ್ಕೆ ಹೋಗುವವರು. ಬೆಂಗಳೂರಿನ ಫ್ಲೈಓವರ್ ಕೆಳಗೆ ಒಂಟಿಕಾಲಲ್ಲಿ ನಿಂತು ರೇನ್‌ಕೋಟಿನ ಪ್ಯಾಂಟ್ ಜೊತೆ ಗುದ್ದಾಡಿದವರಿಗೆ ಬೇರೆ ವಿವರಣೆ ಬೇಡ.

ಹೋಗುವವರು ಮೊದಲು ಫೋನ್ ಮಾಡಿ, ಮಳಿಗೆ ಯಾವಾಗ ತೆರೆದಿರುತ್ತದೆ ಕೇಳಿಕೊಳ್ಳಿ. ದಿನಾ ತೊಡುವ ಬಟ್ಟೆ, ಬೂಟಿನಲ್ಲೇ ಹೋಗಿ. ಸೂಟ್ ಹಾಕಿಕೊಂಡು ಕನ್ನಡಿ ಮುಂದೆ ನಿಂತರೆ ಸಾಲದು, ಸವಾರಿ ಮಾಡುವ ಭಂಗಿಯಲ್ಲಿ ಕೂತು ನೋಡಿ. ಕೂತಾಗ ಕಾಲಿನ ಬಟ್ಟೆ ಮೇಲೇರುತ್ತದೆ. ಮಂಡಿಯ ಪ್ಯಾಡ್ ಆಗಲೂ ಮಂಡಿಯ ಮೇಲೇ ಇರಬೇಕು. ಬೆಲೆ ಸಾವಿರ ಡಾಲರ್ ದಾಟುತ್ತದೆ, ಹಾಗಾಗಿ ಅವಸರ ಬೇಡ. ನಾನೂ ಅಂದು ಬರಿಗೈಯಲ್ಲೇ ಹೊರಬಂದೆ.

ಅಲ್ಲಿಂದ ಹೆದ್ದಾರಿ 61ರಲ್ಲಿ ಸರೋವರದ ಅಂಚಿಗೇ ಸುಮಾರು 75 ಕಿ.ಮೀ. ಹೋದರೆ ಬಂಡೆಯ ತುದಿಯಲ್ಲಿ ಸ್ಪ್ಲಿಟ್ ರಾಕ್ ದೀಪಸ್ತಂಭ, 1910ರದ್ದು. ಬಿಡಬೇಡಿ. ಎರಡನೇ ಜೊತೆ ಗ್ಲೌಸ್ ಇಟ್ಟುಕೊಳ್ಳಿ. ನನ್ನದು ದೀಪಸ್ತಂಭ ಮುಟ್ಟಿದರೂ ಒಣಗಿರಲಿಲ್ಲ.